ದಿನನಿತ್ಯದ ಕೆಲಸವನ್ನು ಕತೆಯಾಗಿಸುವುದು ಹೇಗೆ

ಕತೆ ಬರೆಯಲು ಕೂತವರಲ್ಲಿ ಹೆಚ್ಚಿನವರು ತಾವು ದಿನಕ್ಕೆ ಎಂಟು ಗಂಟೆ ಮಾಡುವ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲದರ ಬಗ್ಗೆ ಬರೆಯುತ್ತಾರೆ. ಬಾಲ್ಯ ಬರುತ್ತದೆ, ಮಳೆ ಬರುತ್ತದೆ, ಮುರಿದ ಸಂಬಂಧ ಬರುತ್ತದೆ. ಉದ್ಯೋಗ ಮಾತ್ರ ‘ಅವನು ಆಫೀಸಿನಿಂದ ಸುಸ್ತಾಗಿ ಬಂದ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ದೊಡ್ಡ ನಷ್ಟ. ರಾತ್ರಿ ಪಾಳಿಯ ನರ್ಸ್, ಲಿಫ್ಟ್ ಮೆಕ್ಯಾನಿಕ್, ಕರಡು ತಿದ್ದುವವರು, ಕ್ಯಾಶಿಯರ್, ಇವರಿಗೆಲ್ಲ ತಮ್ಮ ಕೆಲಸದ ಬಗ್ಗೆ ಗೊತ್ತಿರುವುದು ಹೊರಗಿನ ಯಾವ ಲೇಖಕರಿಗೂ ಗೊತ್ತಿರುವುದಿಲ್ಲ. ಓದುಗರಿಗಂತೂ ಇನ್ನೊಬ್ಬರ ಕೆಲಸದ ಒಳಮನೆ ನೋಡುವ ಕುತೂಹಲ ಯಾವತ್ತೂ ಇರುತ್ತದೆ.

ಆದರೆ ಕುತೂಹಲ ಕೆರಳಿಸಿದರೆ ಲೇಖನವಾಗಬಹುದು, ಕತೆಯಾಗುವುದಿಲ್ಲ. ಪ್ರತಿ ಕೆಲಸಕ್ಕೂ ಒಂದು ನಿಯಮವಿದೆ, ಒಂದು ಗಡುವಿದೆ. ಅದನ್ನು ಮಾಡುವ ವ್ಯಕ್ತಿಗೆ ಆ ನಿಯಮದಲ್ಲಿ ಹಿಡಿಸದ ಏನೋ ಒಂದು ಅಗತ್ಯವಿದೆ. ನಿಯಮವೂ ಅಗತ್ಯವೂ ಒಂದೇ ಗಳಿಗೆಯಲ್ಲಿ ಎದುರುಬದುರಾಗಿ, ಎರಡರಲ್ಲಿ ಒಂದನ್ನು ಬಿಡಲೇಬೇಕಾದಾಗ ಕತೆ ಶುರುವಾಗುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ಆ ಗಳಿಗೆಯನ್ನು ಹುಡುಕಿ, ಓದುಗರ ಕಣ್ಣೆದುರಿಗೆ ತರುವುದಕ್ಕಾಗಿ.

ಎರಡು ವಾರದ ನೋಟ್‌ಬುಕ್

ಮೊದಲು ಕತೆ ಬರೆಯಬೇಡಿ, ಟಿಪ್ಪಣಿ ಬರೆಯಿರಿ. ಎರಡು ವಾರ, ಕೆಲಸ ಮುಗಿದ ದಿನವೇ, ಹತ್ತು ನಿಮಿಷ. ಮರುದಿನಕ್ಕೆ ಮುಂದೂಡಿದರೆ ಮೊದಲು ಹಾಳಾಗುವುದು ಸಂಭಾಷಣೆ. ಜನ ಆಡಿದ ಅರೆಬರೆ ವಾಕ್ಯಗಳನ್ನು ಮನಸ್ಸು ರಾತ್ರೋರಾತ್ರಿ ತಿದ್ದಿ ನೇರ ಮಾಡಿಬಿಡುತ್ತದೆ. ‘ಅದು ಹಾಗಲ್ಲ, ಮೊನ್ನೆ ಹೇಳಿದ್ನಲ್ಲ, ಅದೇ’ ಎಂದಿದ್ದ ಮಾತು ಬೆಳಗಾಗುವಷ್ಟರಲ್ಲಿ ‘ನಾನು ಮೊನ್ನೆಯೇ ಈ ವಿಷಯ ಹೇಳಿದ್ದೆ’ ಎಂದಾಗಿರುತ್ತದೆ. ಮೊದಲನೆಯದರಲ್ಲಿ ಒಬ್ಬ ಮನುಷ್ಯ ಇದ್ದಾನೆ, ಎರಡನೆಯದರಲ್ಲಿ ಬರೀ ಮಾಹಿತಿ ಇದೆ.

ದಿನವೂ ಅದೇ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಒಳ್ಳೆಯದು. ವೈದ್ಯನೂ ಆಗಿದ್ದ ರಷ್ಯದ ಕತೆಗಾರ ಆಂಟನ್ ಚೆಕಾಫ್ 1890ರಲ್ಲಿ ಸಖಲಿನ್ ದ್ವೀಪಕ್ಕೆ ಹೋಗಿ ಅಲ್ಲಿನ ಕೈದಿಗಳ ಗಣತಿ ಮಾಡಿದಾಗ, ಪ್ರತಿಯೊಬ್ಬರಿಗೂ ಒಂದೊಂದು ಅಚ್ಚಾದ ಕಾರ್ಡು ಇಟ್ಟುಕೊಂಡು ಅವವೇ ಪ್ರಶ್ನೆಗಳನ್ನು ಕೇಳುತ್ತಾ ಹೋದ. ಪ್ರಶ್ನೆ ಬದಲಾಗದಿದ್ದರೆ ಉತ್ತರಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಕಾಲ್ಪನಿಕ ಕತೆಗೆ ಈ ಐದು ಪ್ರಶ್ನೆ ಸಾಕು:

ಇವತ್ತು ಯಾರು ಯಾರಿಗಾಗಿ ಕಾಯಬೇಕಾಯಿತು, ಎಷ್ಟು ಹೊತ್ತು?
ಯಾವ ನಿಯಮವನ್ನು ಯಾರು ಸಡಿಲ ಮಾಡಿದರು, ಯಾರು ನೋಡಿಯೂ ಸುಮ್ಮನಿದ್ದರು?
ಏನು ಕೆಟ್ಟಿತು ಅಥವಾ ತಪ್ಪಾಯಿತು, ಅದು ಮೊದಲು ಯಾರ ಕಣ್ಣಿಗೆ ಬಿತ್ತು?
ಕಿವಿಗೆ ಬಿದ್ದ ಒಂದು ವಾಕ್ಯ, ಆಡಿದ ಹಾಗೆಯೇ.
ಆ ಹೊತ್ತಿನಲ್ಲಿ ಕೈಗಳು ಏನು ಮಾಡುತ್ತಿದ್ದವು?

ಐದನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ನಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಕಷ್ಟದ ಮಾತು ನಡೆಯುವಾಗ ಮನುಷ್ಯರ ಮುಖ ಹತೋಟಿಯಲ್ಲಿರುತ್ತದೆ, ಕೈ ಇರುವುದಿಲ್ಲ. ಸ್ಟೇಪ್ಲರ್ ಒತ್ತುತ್ತಾ ಇರುವುದು, ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ ಮತ್ತೆ ತೆಗೆಯುವುದು, ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸುವುದು, ಇವೆಲ್ಲ ಆಮೇಲೆ ಕೂತು ಊಹಿಸಿದರೆ ಬರುವ ವಿವರಗಳಲ್ಲ.

ಟಿಪ್ಪಣಿಯಲ್ಲಿ ಭಾವನೆ ಬರೆಯಬೇಡಿ. ‘ಬೇಜಾರಾಯಿತು’ ಎಂಬ ಪದ ಮೂರು ತಿಂಗಳ ನಂತರ ಏನನ್ನೂ ನೆನಪಿಸುವುದಿಲ್ಲ. ಬೇಜಾರಾಗುವಂಥದ್ದು ಏನು ನಡೆಯಿತು ಎಂಬುದನ್ನು ಬರೆದಿಟ್ಟರೆ ಬೇಜಾರು ತಾನಾಗಿಯೇ ವಾಪಸು ಬರುತ್ತದೆ. ದಿನಕ್ಕೆ ಐದಾರು ಸಾಲು ದಾಟಬೇಡಿ. ಉದ್ದ ಬರೆದವರು ನಾಲ್ಕನೆಯ ದಿನಕ್ಕೆ ನಿಲ್ಲಿಸುತ್ತಾರೆ.

ಯಾವ ಟಿಪ್ಪಣಿಯಲ್ಲಿ ಕತೆ ಇದೆ

ಹದಿನಾಲ್ಕು ದಿನ ಕಳೆದ ಮೇಲೆ ಎಲ್ಲವನ್ನೂ ಒಂದೇ ಸಲಕ್ಕೆ ಕೂತು ಓದಿ. ಅದರಲ್ಲಿ ಹೆಚ್ಚಿನವು ಸ್ವಾರಸ್ಯದ ಪ್ರಸಂಗಗಳಾಗಿರುತ್ತವೆ. ಪ್ರಸಂಗಕ್ಕೂ ಕತೆಗೂ ಇರುವ ಅಂತರವನ್ನು ಇಲ್ಲಿಯೇ ತಿಳಿದುಕೊಂಡರೆ ಮುಂದೆ ತಿಂಗಳುಗಟ್ಟಲೆ ಶ್ರಮ ಉಳಿಯುತ್ತದೆ. ಪ್ರಸಂಗವನ್ನು ಸ್ನೇಹಿತರಿಗೆ ಹೇಳಿದರೆ ಅವರು ನಗುತ್ತಾರೆ ಅಥವಾ ‘ಅಯ್ಯೋ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕತೆಯಾದರೆ ‘ಆಮೇಲೆ ಅವಳು ಏನು ಮಾಡಿದಳು?’ ಎಂದು ಕೇಳುತ್ತಾರೆ.

ಪ್ರತಿ ಟಿಪ್ಪಣಿಗೂ ನಾಲ್ಕು ಪರೀಕ್ಷೆ ಮಾಡಿ. ಯಾರಿಗಾದರೂ ಏನಾದರೂ ಒಂದು ನಿರ್ದಿಷ್ಟ ಹೊತ್ತಿನೊಳಗೆ ಬೇಕಾಗಿದೆಯೇ? ಅದಕ್ಕೆ ಅಡ್ಡ ಬರುವ ನಿಯಮ ಒಂದಿದೆಯೇ? ನಿಯಮ ಮುರಿದರೂ ಪಾಲಿಸಿದರೂ ಯಾರಿಗಾದರೂ ಪೆಟ್ಟು ಬೀಳುತ್ತದೆಯೇ? ಒಮ್ಮೆ ಮಾಡಿದ್ದನ್ನು ರದ್ದು ಮಾಡಲು ಆಗದ ಕ್ಷಣ ಒಂದಿದೆಯೇ? ನಾಲ್ಕಕ್ಕೂ ಹೌದು ಬರುವ ಟಿಪ್ಪಣಿ ಎರಡು ವಾರದಲ್ಲಿ ಒಂದು ಸಿಕ್ಕರೆ ಸಾಕು. ಎರಡು ಅಥವಾ ಮೂರಕ್ಕೆ ಹೌದು ಬಂದರೆ, ಉಳಿದದ್ದನ್ನು ಇನ್ನೊಂದು ದಿನದ ಟಿಪ್ಪಣಿಯಿಂದ ತಂದು ಕೂಡಿಸಿ. ಸೋಮವಾರದ ಗಡುವು, ಗುರುವಾರದ ತಪ್ಪು, ಮುಂದಿನ ವಾರದ ಸುಳ್ಳು, ಈ ಮೂರನ್ನು ಒಂದೇ ಸಂಜೆಗೆ ತರುವ ಹಕ್ಕು ಕತೆಗಾರರಿಗೆ ಇದೆ. ಕತೆ ದಿನಚರಿಯಿಂದ ಬೇರೆಯಾಗುವುದು ಮೊದಲು ಇಲ್ಲಿಯೇ.

ದೊಡ್ಡ ಘಟನೆಯನ್ನೇ ಆರಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ: ಬೆಂಕಿ ಬಿದ್ದದ್ದು, ಸಾವು, ಪೊಲೀಸರು ಬಂದದ್ದು. ಮೊದಲ ಕತೆಗೆ ಇದು ಬೇಡ. ದೊಡ್ಡ ಘಟನೆಯಲ್ಲಿ ಪಾತ್ರಗಳು ಆಯ್ಕೆ ಮಾಡುವುದಕ್ಕಿಂತ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತವೆ. ಸಣ್ಣ ಪ್ರಮಾಣದ ತಪ್ಪಿನಲ್ಲಿ ಯೋಚಿಸಲು ಎರಡು ನಿಮಿಷ ಸಿಗುತ್ತದೆ, ಆ ಎರಡು ನಿಮಿಷದಲ್ಲಿ ಮನುಷ್ಯ ಎಂಥವನು ಎಂದು ಗೊತ್ತಾಗುತ್ತದೆ.

ಒಂದು ಟಿಪ್ಪಣಿಯನ್ನು ಕೊನೆಯವರೆಗೆ ಹಿಡಿದು ನೋಡೋಣ

ಬ್ಯಾಂಕಿನ ನಗದು ಕೌಂಟರಿನ ಒಂದು ಟಿಪ್ಪಣಿ ಹೀಗಿದೆ ಅಂದುಕೊಳ್ಳಿ:

‘ಸಂಜೆ 5.40. ಕ್ಯಾಶ್ 4,500 ಜಾಸ್ತಿ. ಎರಡು ಸಲ ಎಣಿಸಿದೆ. ಒಂಬತ್ತರಿಂದ ಭಾಗ ಹೋಗುತ್ತೆ. ಚಲನ್ ಸಿಕ್ತು: 9,400 ಬದಲು 4,900 ಹಾಕಿದ್ದಾನೆ. ಹೊಸ ಹುಡುಗ ಮಾತಾಡಲಿಲ್ಲ, ರಬ್ಬರ್ ಬ್ಯಾಂಡ್ ಬಿಚ್ಚಿ ಬಿಚ್ಚಿ ಹಾಕ್ತಿದ್ದ. ಸರ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡೇ ನಿಂತಿದ್ರು.’

ಈ ಟಿಪ್ಪಣಿಯ ಒಳಗೆ ಕಸುಬಿನ ಒಂದು ಗುಟ್ಟಿದೆ. ಪಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಲೆಕ್ಕ ಬರೆಯುವವರು ತಪ್ಪು ಹುಡುಕಲು ಇದನ್ನು ಬಳಸುತ್ತಾರೆ. ಇದು ಸ್ವಾರಸ್ಯಕರ, ಆದರೆ ಇನ್ನೂ ಕತೆಯಲ್ಲ. ತಪ್ಪು ಸಿಕ್ಕಿತು, ತಿದ್ದಿದರು, ಮನೆಗೆ ಹೋದರು.

ಈಗ ನಾಲ್ಕು ಪರೀಕ್ಷೆ. ಗಡುವು ಇದೆ: ಸೇಫ್‌ಗೆ ಎರಡು ಕೀ, ಇಬ್ಬರ ಬಳಿ. ಇಬ್ಬರೂ ಇದ್ದಾಗಲೇ ಮುಚ್ಚಬೇಕು, ಒಬ್ಬರಿಗೆ ಟ್ರೇನು ಹೊರಡುವ ಹೊತ್ತಾಗಿದೆ. ನಿಯಮ ಇದೆ: ಜಾಸ್ತಿ ಬಂದ ಹಣವನ್ನು ಅದೇ ದಿನ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ರದ್ದು ಮಾಡಲಾಗದ ಕ್ಷಣವೂ ಇದೆ: ಇಬ್ಬರ ಸಹಿ ಬಿದ್ದು ಸೇಫ್ ಮುಚ್ಚಿದ ಮೇಲೆ ಅಂದಿನ ಲೆಕ್ಕ ಮುಗಿಯಿತು. ಇಲ್ಲದಿರುವುದು ಒಂದೇ: ಪೆಟ್ಟು. ತಪ್ಪು ತಿದ್ದಿದರೆ ಯಾರಿಗೂ ಏನೂ ಆಗುವುದಿಲ್ಲ.

ಈ ಖಾಲಿ ಜಾಗವನ್ನು ಹೊರಗಿನಿಂದ ತುಂಬಬೇಡಿ. ಕ್ಯಾಶಿಯರಿಗೆ ಕಾಯಿಲೆಯ ತಾಯಿ, ಹುಡುಗನಿಗೆ ಸಾಲ, ಇಂಥವು ಎಲ್ಲ ಕತೆಗಳಲ್ಲೂ ಇವೆ, ಯಾವ ಕೆಲಸಕ್ಕೂ ಅಂಟಿಸಬಹುದು. ಉತ್ತರವನ್ನು ಕೆಲಸದ ಒಳಗೇ ಹುಡುಕಿ. ಹುಡುಗ ಕೌಂಟರಿನಲ್ಲಿ ಹೇಗೆ ಕೂತ? ಕ್ಯಾಶಿಯರ್ ಊಟಕ್ಕೆ ಹೋದಾಗ ಅವಳ ಪಾಸ್‌ವರ್ಡಿನಲ್ಲಿ ಕೂತ. ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಡುವಂತಿಲ್ಲ. ಅಂದರೆ ತಪ್ಪು ಯಾರದೆಂದು ಹೇಳಿದರೆ ಅವಳ ತಪ್ಪೂ ಹೊರಬರುತ್ತದೆ, ಹೇಳದಿದ್ದರೆ ತಪ್ಪು ಅವಳ ಹೆಸರಿನಲ್ಲೇ ದಾಖಲಾಗಿದೆ. ಹುಡುಗನ ಕೆಲಸ ಇನ್ನೂ ಕಾಯಂ ಆಗಿಲ್ಲ. ಈಗ ನಾಲ್ಕೂ ಸೇರಿದವು, ಒಂದು ವಿವರವೂ ಬ್ಯಾಂಕಿನ ಹೊರಗಿನದಲ್ಲ.

ಇದೇ ದೃಶ್ಯವಾದರೆ:

ಶಾರದಾ ಮೂರನೆಯ ಸಲ ಎಣಿಸಲಿಲ್ಲ. ಕ್ಯಾಲ್ಕುಲೇಟರಿನಲ್ಲಿ 4,500 ಒತ್ತಿ ಒಂಬತ್ತರಿಂದ ಭಾಗಿಸಿದಳು. ಐನೂರು. ಚಲನ್‌ಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು.
“ಅಂಕಿ ಹಿಂದುಮುಂದಾಗಿದೆ.”
ನವೀನ ರಬ್ಬರ್ ಬ್ಯಾಂಡ್ ಬಿಚ್ಚುವುದನ್ನು ನಿಲ್ಲಿಸಿದ.
“ಸಿಕ್ತಾ?” ಅಧಿಕಾರಿ ಬಾಗಿಲ ಬಳಿಯಿಂದಲೇ ಕೇಳಿದರು. ಬ್ಯಾಗು ಆಗಲೇ ಹೆಗಲ ಮೇಲಿತ್ತು. “ಆರು ಹತ್ತಕ್ಕೆ ಟ್ರೇನು, ಮೇಡಂ.”
ಚಲನ್ ಸಿಕ್ಕಿತ್ತು. 9,400. ಕಂಪ್ಯೂಟರಿನಲ್ಲಿ 4,900, ಮಧ್ಯಾಹ್ನ ಒಂದು ಇಪ್ಪತ್ತೆರಡಕ್ಕೆ. ಆ ಹೊತ್ತಿಗೆ ಅವಳು ಊಟದ ಕೋಣೆಯಲ್ಲಿದ್ದಳು.
ಚಲನನ್ನು ಕಟ್ಟಿನ ಮಧ್ಯಕ್ಕೆ ತಳ್ಳಿದಳು.
“ಇಲ್ಲ ಸರ್. ಇನ್ನೊಂದು ಸಲ ನೋಡ್ತೀನಿ.”

ಒಂಬತ್ತರ ಲೆಕ್ಕವನ್ನು ಇಲ್ಲಿ ಯಾರೂ ವಿವರಿಸಲಿಲ್ಲ. ಅವಳು ಭಾಗಿಸಿದಳು, ಅಂಕಿ ಹಿಂದುಮುಂದಾಗಿದೆ ಅಂದಳು, ಓದುಗರು ಹಿಂದೆಯೇ ಬಂದರು. ಪಾಸ್‌ವರ್ಡಿನ ಹೆಸರನ್ನೂ ಎತ್ತಲಿಲ್ಲ. ಸಮಯವೂ ಊಟದ ಕೋಣೆಯೂ ಪಕ್ಕಪಕ್ಕ ಬಂದವು, ಅಷ್ಟೇ. ಅವಳಿಗೆ ಹೆದರಿಕೆಯಾಯಿತು ಎಂದು ಬರೆಯುವ ಬದಲು ಅವಳ ಕೈಯಿಂದ ಒಂದು ಕಾಗದ ತಳ್ಳಿಸಲಾಗಿದೆ. ಸುಳ್ಳು ಹೇಳಿಯಾದ ಮೇಲೆ ಈ ದೃಶ್ಯಕ್ಕೆ ಇಲ್ಲಿ ಬೇರೆ ಕೆಲಸವಿಲ್ಲ, ಮುಂದಿನ ದೃಶ್ಯಕ್ಕೆ ಹೋಗಬೇಕು. ಟ್ರೇನಿನ ಸಮಯವನ್ನು ನಿಖರವಾಗಿ ಹೇಳಿದ್ದರಿಂದ ಪ್ರತಿ ಸಾಲೂ ಗಡಿಯಾರದ ಮೇಲೆ ನಡೆಯುತ್ತದೆ. ಬರೀ ‘ತಡವಾಗುತ್ತಿದೆ’ ಎಂದಿದ್ದರೆ ಆ ಬಿಗಿ ಬರುತ್ತಿರಲಿಲ್ಲ.

ಇಷ್ಟು ಸಾಮಗ್ರಿಗೆ 2,500ರಿಂದ 3,500 ಪದಗಳ ಕತೆ ಸರಿಯಾದ ಅಳತೆ. ಮೂರು ದೃಶ್ಯ, ಹೆಚ್ಚೆಂದರೆ ನಾಲ್ಕು, ಒಂದೊಂದು 700ರಿಂದ 1,000 ಪದ. ಮೊದಲ ದೃಶ್ಯದಲ್ಲಿ ಕೆಲಸ ಸರಿಯಾಗಿ ನಡೆಯುವುದನ್ನು ಒಮ್ಮೆ ಪೂರ್ತಿ ತೋರಿಸಬೇಕು. ನಿಯಮ ಗೊತ್ತಿಲ್ಲದ ಓದುಗರಿಗೆ ಅದು ಮುರಿದದ್ದು ತಿಳಿಯುವುದಿಲ್ಲ. ಎರಡನೆಯದರಲ್ಲಿ ಅದೇ ಕೆಲಸ ಒಂದು ಕಡೆ ಸಿಕ್ಕಿಹಾಕಿಕೊಳ್ಳಬೇಕು. ಮೂರನೆಯದರಲ್ಲಿ ಆಯ್ಕೆ. ಮೊದಲ ದೃಶ್ಯದಲ್ಲಿ ಬಂದ ಉಪಕರಣವೋ ಕ್ರಿಯೆಯೋ ಮೂರನೆಯದರಲ್ಲಿ ಮತ್ತೆ ಬಂದು ಬೇರೆ ಅರ್ಥ ಪಡೆದರೆ ಕತೆಗೆ ಹೊರಗಿನ ಅಲಂಕಾರ ಬೇಕಿಲ್ಲ. ಇಲ್ಲಿ ಎರಡು ಕೀಗಳು ಆ ಕೆಲಸ ಮಾಡಬಲ್ಲವು: ಮೊದಲ ದೃಶ್ಯದಲ್ಲಿ ಅದು ಬರೀ ಕ್ರಮ, ಮೂರನೆಯದರಲ್ಲಿ ಒಬ್ಬರು ತಮ್ಮ ಕೀಯನ್ನು ತಿರುಗಿಸದೆ ನಿಲ್ಲಬಹುದು.

ಕಸುಬಿನ ವಿವರ ಎಷ್ಟು ಹಾಕಬೇಕು

ತಮ್ಮ ಕೆಲಸ ಚೆನ್ನಾಗಿ ಬಲ್ಲವರು ಎರಡು ತುದಿಗಳಲ್ಲಿ ಎಡವುತ್ತಾರೆ. ಕೆಲವರು ಓದುಗರಿಗೆ ಅರ್ಥವಾಗಲಿಕ್ಕಿಲ್ಲವೆಂದು ಎಲ್ಲ ವಿವರ ತೆಗೆದು ‘ಯಂತ್ರ ಕೆಟ್ಟಿತು’ ಎಂದಷ್ಟೇ ಬರೆಯುತ್ತಾರೆ. ಇನ್ನು ಕೆಲವರು ಕೈಪಿಡಿಯನ್ನೇ ತಂದು ಸುರಿಯುತ್ತಾರೆ. ಮೊದಲನೆಯವರ ಕತೆ ಎಲ್ಲಿಯಾದರೂ ನಡೆಯಬಹುದಾದದ್ದು, ಎರಡನೆಯವರದು ಯಾರಿಗೂ ನಡೆಯದಂಥದ್ದು.

ಪಾತ್ರ ಒಂದು ವಿವರವನ್ನು ಒತ್ತಡದಲ್ಲಿದ್ದಾಗ ಬಳಸಿದರೆ ಅದು ಕತೆಯಲ್ಲಿ ಇರಲಿ. ಲೇಖಕರಿಗೆ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಬಂದಿದ್ದರೆ ತೆಗೆಯಿರಿ. ಒಂದು ಪ್ಯಾರಾದಲ್ಲಿ ಓದುಗರಿಗೆ ಹೊಸದಾದ ಪದ ಒಂದು, ಬಹಳವೆಂದರೆ ಎರಡು. ಅದರ ಅರ್ಥ ಅದೇ ಪ್ಯಾರಾದ ಕ್ರಿಯೆಯಿಂದ ತಿಳಿಯಬೇಕು. ಲಿಫ್ಟ್ ಮೆಕ್ಯಾನಿಕ್ ಲಿಫ್ಟಿನ ಗುಂಡಿಯೊಳಗೆ ಇಳಿಯುವ ಮೊದಲು ಮುಖ್ಯ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಕೀಯನ್ನು ಜೇಬಿಗೆ ಹಾಕಿಕೊಂಡ ಎಂದು ಬರೆದರೆ, ಆ ಸುರಕ್ಷತಾ ಕ್ರಮದ ಹೆಸರು ಗೊತ್ತಿಲ್ಲದವರಿಗೂ ಅದು ಏಕೆಂದು ಗೊತ್ತಾಗುತ್ತದೆ. ಆಮೇಲೆ ಒಂದು ದಿನ ಅವನು ಬೀಗ ಹಾಕದೆ ಇಳಿದರೆ ಓದುಗರ ಎದೆ ಹೊಡೆದುಕೊಳ್ಳುತ್ತದೆ.

ವಿವರಕ್ಕೆ ಬಲ ಬರುವುದು ಅದು ಒಬ್ಬರ ದೇಹಕ್ಕೋ ಮಾನಕ್ಕೋ ತಗುಲಿದಾಗ. ಕತೆಗಾರ ಫ್ರಾಂಜ್ ಕಾಫ್ಕಾ 1908ರಿಂದ 1922ರವರೆಗೆ ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ. ಮರ ಹೆರೆಯುವ ಯಂತ್ರಗಳ ಬಗ್ಗೆ ಅವನು ಸಿದ್ಧಪಡಿಸಿದ ವರದಿಯೊಂದಿದೆ. ಬ್ಲೇಡು ಹೊತ್ತು ತಿರುಗುವ ಚೌಕಾಕಾರದ ಶಾಫ್ಟಿನ ಬದಲು ಉರುಳೆಯಾಕಾರದ ಶಾಫ್ಟ್ ಏಕೆ ಬೇಕು ಎಂಬುದು ಅದರ ವಿಷಯ. ಶಾಫ್ಟಿಗೂ ಮೇಜಿಗೂ ನಡುವಿನ ಸಂದು, ಆ ಸಂದಿನಲ್ಲಿ ಕೆಲಸಗಾರನ ಬೆರಳಿಗೆ ಏನಾಗುತ್ತದೆ ಎಂಬುದನ್ನು ಅದು ಚಿತ್ರಗಳ ಸಮೇತ ಹೇಳುತ್ತದೆ. ಯಂತ್ರದ ಯಾವ ಭಾಗದ ಬಗ್ಗೆ ಬರೆಯಬೇಕೆಂದು ಗೊಂದಲವಾದರೆ ಇದನ್ನೇ ಅಳತೆಗೋಲು ಮಾಡಿಕೊಳ್ಳಿ: ಬೆರಳು ಎಲ್ಲಿ ಹೋಗುತ್ತದೆಯೋ ಆ ಭಾಗದ ಬಗ್ಗೆ ಬರೆಯಿರಿ.

ತಿಳಿದವರಿಬ್ಬರು ಪರಸ್ಪರ ತಿಳಿದದ್ದನ್ನೇ ವಿವರಿಸಿಕೊಳ್ಳುವ ಸಂಭಾಷಣೆ ಬೇಡ. ‘ನಿಮಗೆ ಗೊತ್ತಿರುವ ಹಾಗೆ, ಸೇಫ್‌ಗೆ ಎರಡು ಕೀ ಇರುತ್ತವೆ’ ಎಂದು ಯಾವ ಅಧಿಕಾರಿಯೂ ಕ್ಯಾಶಿಯರಿಗೆ ಹೇಳುವುದಿಲ್ಲ. ಹೊಸಬನೊಬ್ಬನನ್ನು ತಂದು ಅವನಿಗೆ ಎಲ್ಲ ವಿವರಿಸುವ ಉಪಾಯ ಕೆಲಸಕ್ಕೆ ಬರುತ್ತದೆ, ಆದರೆ ಅವನಿಗೆ ಕತೆಯಲ್ಲಿ ಬೇರೊಂದು ಪಾತ್ರವೂ ಇರಬೇಕು. ನವೀನ ಬರೀ ಕೇಳಿಸಿಕೊಳ್ಳುವವನಾಗಿದ್ದರೆ ಕತೆಗೆ ಭಾರ. ತಪ್ಪು ಅವನದಾದ್ದರಿಂದ ಅವನು ಬೇಕಾಗುತ್ತಾನೆ.

ಕ್ರಿಯಾಪದ, ಸಂಬೋಧನೆ, ಕಚೇರಿಯ ಕನ್ನಡ

ಕೆಲಸದ ಕತೆಗಳು ಕನ್ನಡದಲ್ಲಿ ಸೋಲುವುದಕ್ಕೆ ಒಂದು ಸಾಮಾನ್ಯ ಕಾರಣ ‘-ುತ್ತಿದ್ದಳು’. ಕೆಲಸವೆಂದರೆ ದಿನವೂ ಮಾಡುವುದು, ಹಾಗಾಗಿ ಲೇಖನಿ ತಾನಾಗಿಯೇ ‘ಬೆಳಿಗ್ಗೆ ಕೌಂಟರ್ ತೆರೆಯುತ್ತಿದ್ದಳು, ನೋಟು ಎಣಿಸುತ್ತಿದ್ದಳು, ಸಂಜೆ ದಣಿದು ಮನೆಗೆ ಹೋಗುತ್ತಿದ್ದಳು’ ಎಂದು ಓಡುತ್ತದೆ. ಈ ರೂಪದಲ್ಲಿ ಏನೂ ನಡೆಯುವುದಿಲ್ಲ. ಎಲ್ಲವೂ ನಡೆದುಕೊಂಡು ಬಂದದ್ದು. ‘ಕೌಂಟರ್ ತೆರೆದಳು. ಮೊದಲ ಕಟ್ಟಿನಲ್ಲಿ ತೊಂಬತ್ತೊಂಬತ್ತು ನೋಟು ಇದ್ದವು’ ಎಂದು ಬರೆದ ಕೂಡಲೇ ಒಂದು ದಿನ ಹುಟ್ಟುತ್ತದೆ. ಮೊದಲ ಕರಡು ಮುಗಿದ ಮೇಲೆ ಈ ರೂಪದ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಒಂದು ಪುಟದಲ್ಲಿ ನಾಲ್ಕಕ್ಕಿಂತ ಹೆಚ್ಚಿದ್ದರೆ ಆ ಪುಟದಲ್ಲಿ ದೃಶ್ಯವಿಲ್ಲ, ಸಾರಾಂಶ ಇದೆ. ರೂಢಿಯನ್ನು ಹೇಳಲೇಬೇಕಾದ ಕಡೆ ಎರಡು ವಾಕ್ಯದಲ್ಲಿ ಹೇಳಿ ಆ ಒಂದು ದಿನಕ್ಕೆ ಇಳಿಯಿರಿ.

ಕಡತದ ಕನ್ನಡ ಇನ್ನೊಂದು ತೊಡಕು. ‘ಸೂಚಿಸಲಾಯಿತು’, ‘ಕ್ರಮ ಕೈಗೊಳ್ಳಲಾಯಿತು’ ಎಂಬ ವಾಕ್ಯಗಳಲ್ಲಿ ಮಾಡಿದವರು ಯಾರು ಎಂಬುದು ಮರೆಯಾಗಿರುತ್ತದೆ. ಕತೆಗೆ ಬೇಕಾಗಿರುವುದೇ ಅದು. ನಿರೂಪಣೆಯಲ್ಲಿ ಇಂಥ ವಾಕ್ಯ ಬಂದರೆ ಕರ್ತೃವನ್ನು ಹುಡುಕಿ ಮುಂದೆ ನಿಲ್ಲಿಸಿ. ಒಂದು ಪಾತ್ರ ಜವಾಬ್ದಾರಿ ತಪ್ಪಿಸಿಕೊಳ್ಳುವಾಗ ಮಾತ್ರ ಈ ಭಾಷೆ ಚಿನ್ನ: ಶಾರದಾ ಮರುದಿನ ಕೊಡುವ ವಿವರಣೆಯ ಪತ್ರದಲ್ಲಿ ‘ನಮೂದಿಸುವಾಗ ಅಂಕಿಗಳು ವ್ಯತ್ಯಾಸವಾಗಿರುತ್ತವೆ’ ಎಂದು ಬರೆದರೆ, ಆ ವಾಕ್ಯದಲ್ಲಿ ಅವಳೂ ಇಲ್ಲ, ನವೀನನೂ ಇಲ್ಲ. ಓದುಗರಿಗೆ ಇಬ್ಬರೂ ಕಾಣುತ್ತಾರೆ.

ಸಂಭಾಷಣೆಯಲ್ಲಿ ಜನ ಕೆಲಸದ ಜಾಗದಲ್ಲಿ ಆಡುವ ಹಾಗೆಯೇ ಆಡಲಿ. ಚಲನ್, ಪಾಸ್‌ವರ್ಡ್, ಶಿಫ್ಟ್, ಡ್ಯೂಟಿ ಎನ್ನುವವರ ಬಾಯಿಗೆ ಪಾಳಿಪಟ್ಟಿ, ಗುಪ್ತಪದ ತುರುಕಬೇಡಿ. ಹಾಗೆಂದು ಪ್ರತಿ ಉಚ್ಚಾರದ ತಿರುವನ್ನೂ ಬರಹಕ್ಕೆ ಇಳಿಸಬೇಕಿಲ್ಲ, ಓದುವ ವೇಗ ಕುಂಠಿತವಾಗುತ್ತದೆ. ಪಾತ್ರಕ್ಕೆ ಎರಡು ಮೂರು ಗುರುತಿನ ರೂಪ ಸಾಕು.

ನೀನು, ನೀವು, ಸರ್, ಮೇಡಂ, ಬರೀ ಹೆಸರು: ಅಧಿಕಾರದ ಏರಿಳಿತ ತೋರಿಸಲು ಕನ್ನಡ ನಮಗೆ ಕೊಟ್ಟಿರುವ ಸಾಧನ ಇದು. ಶಾರದಾ ಕತೆಯುದ್ದಕ್ಕೂ ನವೀನನಿಗೆ ‘ನೀನು’ ಎನ್ನುತ್ತಾ ಬಂದು, ಕೊನೆಯ ದೃಶ್ಯದಲ್ಲಿ ಅಧಿಕಾರಿಯ ಎದುರು ‘ನೀವು ಹೇಳಿ ನವೀನ್, ಯಾರು ಕೂತಿದ್ರು ಅಂತ’ ಅಂದರೆ, ಅವಳು ಅವನ ಕೈ ಬಿಟ್ಟಳು ಎಂದು ಬೇರೆ ಹೇಳಬೇಕಿಲ್ಲ. ಇಂಥ ಪಲ್ಲಟ ಒಂದು ಕತೆಗೆ ಒಂದೇ ಇರಲಿ. ಅದು ಬರುವವರೆಗೆ ಸಂಬೋಧನೆಗಳನ್ನು ಎಚ್ಚರದಿಂದ ಒಂದೇ ತೆರನಾಗಿ ಕಾಯ್ದುಕೊಂಡಿರಬೇಕು. ನಡುವೆ ಅಜಾಗರೂಕತೆಯಿಂದ ಒಂದು ‘ನೀವು’ ಜಾರಿದರೂ ಪರಿಣಾಮ ಹೋಯಿತು.

ಗುರುತು ಅಳಿಸುವುದು

ಹೆಸರು ಬದಲಿಸಿದರೆ ಸಾಕು ಎಂದು ತಿಳಿಯುವುದು ಅಪಾಯಕಾರಿ. ಜೊತೆಗೆ ಕೆಲಸ ಮಾಡುವವರು ಹೆಸರಿನಿಂದ ಗುರುತು ಹಿಡಿಯುವುದಿಲ್ಲ. ಒಂದು ಅಭ್ಯಾಸ, ಒಂದು ಘಟನೆ, ಹುದ್ದೆ, ಈ ಮೂರು ಸೇರಿದರೆ ಸಾಕು. ಆದ್ದರಿಂದ ವಯಸ್ಸು, ಲಿಂಗ, ಕುಟುಂಬ, ದೇಹಲಕ್ಷಣ, ಮಾತಿನ ಚಟ, ಘಟನೆಯ ಫಲಿತಾಂಶ ಇವುಗಳಲ್ಲಿ ಕನಿಷ್ಠ ಮೂರನ್ನು ಬದಲಿಸಿ. ಎರಡು ಮೂರು ಜನರಿಂದ ಒಬ್ಬರನ್ನು ಕಟ್ಟುವುದು ಇನ್ನೂ ಒಳ್ಳೆಯದು. ಬದಲಿಸಬಾರದ್ದು ಒಂದೇ, ಅವರ ಮೇಲಿದ್ದ ಒತ್ತಡ.

ಇದರಿಂದ ಕತೆಗೂ ಲಾಭವಿದೆ. ನಿಜವಾದ ವ್ಯಕ್ತಿ ಎದುರಿಗಿರುವವರೆಗೆ ಪಾತ್ರ ಅವರು ಮಾಡಿದ್ದನ್ನೇ ಮಾಡುತ್ತದೆ. ವಯಸ್ಸು ಇಪ್ಪತ್ತು ವರ್ಷ ಹೆಚ್ಚಿಸಿ ನೋಡಿ, ಅದೇ ತಪ್ಪಿಗೆ ಪ್ರತಿಕ್ರಿಯೆ ಬೇರೆಯಾಗುತ್ತದೆ, ಲೇಖಕರು ಮೊದಲ ಸಲ ಯೋಚಿಸತೊಡಗುತ್ತಾರೆ.

ವೈದ್ಯರು, ನರ್ಸ್‌ಗಳು, ವಕೀಲರು, ಆಪ್ತಸಮಾಲೋಚಕರು, ಬ್ಯಾಂಕಿನವರು, ಇವರ ಮೇಲೆ ಗೋಪ್ಯತೆಯ ಕರ್ತವ್ಯವಿದೆ. ರೋಗಿಯ ಅಥವಾ ಗ್ರಾಹಕರ ನಿಜವಾದ ಪ್ರಕರಣವನ್ನು ವೇಷ ಹಾಕಿಸಿ ತರುವ ಬದಲು ನಿಯಮವನ್ನಷ್ಟೇ ಇಟ್ಟುಕೊಂಡು ಪ್ರಕರಣವನ್ನು ಹೊಸದಾಗಿ ಕಲ್ಪಿಸಬೇಕು. ನೋಟ್‌ಬುಕ್ಕಿನಲ್ಲೂ ನಿಜವಾದ ಹೆಸರು, ಖಾತೆ ಸಂಖ್ಯೆ, ರೋಗದ ವಿವರ ಬರೆದಿಡಬೇಡಿ. ನೋಟ್‌ಬುಕ್ ಕಳೆದುಹೋಗುವ ವಸ್ತು. ಒಂದು ಅಕ್ಷರ ಸಾಕು, ಅದೂ ಹೆಸರಿನ ಮೊದಲಕ್ಷರ ಆಗದಿರಲಿ. ಗುರುತು ಸಿಗುವಂತೆ ಬರೆದು ಒಬ್ಬರ ಮಾನ ಕಳೆದರೆ ‘ಇದು ಕಾಲ್ಪನಿಕ’ ಎಂಬ ಒಂದು ಸಾಲು ಎಲ್ಲ ಕಡೆಯೂ ಕಾಪಾಡುವುದಿಲ್ಲ. ಕಾನೂನು ಏನಾದರೂ ಇರಲಿ, ಜೊತೆಯಲ್ಲಿ ದುಡಿದವರ ನಂಬಿಕೆ ದೊಡ್ಡದು.

ಎಲ್ಲಿ ಕೆಡುತ್ತದೆ

‘ಆದರೆ ಇದು ನಿಜವಾಗಿ ನಡೆದದ್ದು.’ ನಂಬಲಾಗುವುದಿಲ್ಲ ಎಂದು ಓದಿದವರು ಹೇಳಿದಾಗ ಬರುವ ಉತ್ತರ ಇದು. ಜೀವನದಲ್ಲಿ ಕಾಕತಾಳೀಯ ನಡೆಯುತ್ತದೆ, ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಕತೆಯಲ್ಲಿ ಕೇಳುತ್ತಾರೆ. ಕಾಕತಾಳೀಯ ಪಾತ್ರವನ್ನು ತೊಂದರೆಗೆ ಸಿಕ್ಕಿಸಬಹುದು, ತೊಂದರೆಯಿಂದ ಬಿಡಿಸಬಾರದು. ಸಂಜೆ ಆರಕ್ಕೆ ಆ ಗ್ರಾಹಕ ತಾನಾಗಿಯೇ ಬಂದು ಎಲ್ಲ ಸರಿಹೋಯಿತು ಎಂಬುದು ನಿಜವಾಗಿಯೂ ನಡೆದಿರಬಹುದು. ಕತೆಯಲ್ಲಿ ಬೇಡ.

ಸೇಡಿನ ಕತೆ ಇನ್ನೊಂದು. ಮೇಲಧಿಕಾರಿ ದುಷ್ಟ, ಕತೆ ಹೇಳುವವರು ಮುಗ್ಧರು. ಇದನ್ನು ಓದುಗರು ಮೊದಲ ಪುಟದಲ್ಲೇ ಗುರುತಿಸಿ ಅಧಿಕಾರಿಯ ಪರ ವಾದಿಸತೊಡಗುತ್ತಾರೆ. ಇದಕ್ಕೆ ಒಂದು ಪ್ರಾಯೋಗಿಕ ಮದ್ದು: ಕತೆಗೆ ಬೇಡವಾದರೂ ಅದೇ ದೃಶ್ಯವನ್ನು ಅಧಿಕಾರಿಯ ಕಡೆಯಿಂದ 300 ಪದಗಳಲ್ಲಿ ಬರೆಯಿರಿ. ಅವರ ಟ್ರೇನು ತಪ್ಪಿದರೆ ಏನಾಗುತ್ತದೆ? ಕಳೆದ ತಿಂಗಳು ಲೆಕ್ಕ ತಪ್ಪಿದಾಗ ಯಾರ ಸಹಿಗೆ ವಿವರಣೆ ಕೇಳಿದ್ದರು? ಇದಕ್ಕೆಲ್ಲ ಉತ್ತರ ಬರೆದ ಮೇಲೆ ಮೂಲ ದೃಶ್ಯಕ್ಕೆ ಮರಳಿದರೆ ಅವರ ಒಂದೆರಡು ಮಾತು ಖಂಡಿತ ಬದಲಾಗುತ್ತವೆ.

ಮೂರನೆಯದು, ಕೊನೆಯ ಪ್ಯಾರಾದಲ್ಲಿ ಉಪದೇಶ. ಸುಸ್ತಾದ ಲೇಖಕರು ಕತೆ ಅರ್ಥವಾಯಿತೋ ಇಲ್ಲವೋ ಎಂಬ ಭಯಕ್ಕೆ ಇದನ್ನು ಸೇರಿಸುತ್ತಾರೆ. ಕರಡಿನ ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ. ಹತ್ತರಲ್ಲಿ ಏಳೆಂಟು ಕತೆಗಳು ಅದಿಲ್ಲದೆ ಚೆನ್ನಾಗಿರುತ್ತವೆ.

ಬರೆಯುವ ಹೊತ್ತು, ತಿದ್ದುವ ಕ್ರಮ

ಪೂರ್ಣಾವಧಿ ಕೆಲಸ ಇಟ್ಟುಕೊಂಡು ಬರೆಯುವವರಿಗೆ ಉದ್ದದ ಬಿಡುವು ಸಿಗುವುದಿಲ್ಲ, ಅದಕ್ಕೆ ಕಾಯಲೂಬಾರದು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ 1834ರಿಂದ 1867ರವರೆಗೆ ದುಡಿದ ಕಾದಂಬರಿಕಾರ ಆಂಥನಿ ಟ್ರಾಲಪ್ ಬೆಳಗಿನ ಹೊತ್ತು ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಒಂದು ಪದ ಹಲವು ಪದಗಳ ಕೆಲಸ ಮಾಡುವುದರಿಂದ ಕಾಲು ಗಂಟೆಗೆ 100 ಪದ ಒಳ್ಳೆಯ ವೇಗ. ದಿನಕ್ಕೆ ಅರ್ಧ ಗಂಟೆಯಂತೆ 200 ಪದ ಬಂದರೆ 3,000 ಪದಗಳ ಕರಡು ಹದಿನೈದು ದಿನಕ್ಕೆ ಮುಗಿಯುತ್ತದೆ. ಪ್ರತಿ ದಿನ ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ನಿಲ್ಲಿಸಿ. ನಾಳೆ ಕೂತ ಕೂಡಲೇ ಕೈ ಓಡುತ್ತದೆ.

ಮುಗಿದ ಕರಡನ್ನು ಕನಿಷ್ಠ ಹತ್ತು ದಿನ ಮುಟ್ಟಬೇಡಿ. ನಂತರ ಮೂರು ಸುತ್ತು, ಒಂದೊಂದಕ್ಕೂ ಒಂದೇ ಕೆಲಸ. ಮೊದಲ ಸುತ್ತಿನಲ್ಲಿ ದೃಶ್ಯಗಳ ಕ್ರಮ ಮಾತ್ರ: ಯಾವುದನ್ನು ತೆಗೆದರೆ ಕತೆ ಬೀಳುವುದಿಲ್ಲವೋ ಅದನ್ನು ತೆಗೆಯಿರಿ. ಎರಡನೆಯದರಲ್ಲಿ ಕೆಲಸದ ವಿವರಗಳು: ಸಮಯ, ಸಂಖ್ಯೆ, ಕ್ರಮ ಒಂದಕ್ಕೊಂದು ಹೊಂದುತ್ತವೆಯೇ? 9,400ರಿಂದ 4,900 ಕಳೆದರೆ 4,500 ಬರಲೇಬೇಕು. ಕಸುಬು ಬಲ್ಲ ಒಬ್ಬ ಓದುಗ ಒಂದು ತಪ್ಪು ಕಂಡರೆ ಮುಂದಿನದನ್ನು ನಂಬುವುದಿಲ್ಲ. ಮೂರನೆಯ ಸುತ್ತಿನಲ್ಲಿ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯ ಕೆಟ್ಟಿದೆ, ಅನುಮಾನ ಬೇಡ.

ಆಮೇಲೆ ಇಬ್ಬರಿಗೆ ಕೊಡಿ, ಬೇರೆ ಬೇರೆ ಪ್ರಶ್ನೆಗಳೊಂದಿಗೆ. ಅದೇ ಕಸುಬಿನವರಿಗೆ ‘ಇಲ್ಲಿ ಯಾವುದು ನಡೆಯಲಿಕ್ಕೆ ಸಾಧ್ಯವಿಲ್ಲ?’ ಎಂದು ಕೇಳಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಉಪಯೋಗವಿಲ್ಲ. ಕಸುಬು ಗೊತ್ತಿಲ್ಲದವರಿಗೆ ‘ಎಲ್ಲಿ ಓದುವುದು ನಿಲ್ಲಿಸಬೇಕು ಅನ್ನಿಸಿತು? ಕೊನೆಯಲ್ಲಿ ಅವಳು ಏನು ಮಾಡಿದಳು, ಏಕೆ?’ ಎಂದು ಕೇಳಿ. ಎರಡನೆಯವರು ಒಂದು ಪದ ಅರ್ಥವಾಗಲಿಲ್ಲ ಎಂದರೆ ಗಾಬರಿ ಬೇಡ, ಅವಳು ಏಕೆ ಹಾಗೆ ಮಾಡಿದಳು ಎಂಬುದು ಅರ್ಥವಾಗಲಿಲ್ಲ ಎಂದರೆ ಎರಡನೆಯ ದೃಶ್ಯಕ್ಕೆ ಮರಳಿ ಹೋಗಿ. ಸಾಮಾನ್ಯವಾಗಿ ಅಲ್ಲಿ ನಿಯಮ ಮುರಿದರೆ ಬೀಳುವ ಪೆಟ್ಟು ಎಷ್ಟು ದೊಡ್ಡದು ಎಂಬುದನ್ನು ಹೇಳದೆ ಬಿಟ್ಟಿರುತ್ತೀರಿ. ಒಂದು ಮಾತು ಸೇರಿಸಿದರೆ ಸರಿಹೋಗುತ್ತದೆ, ಕೊನೆಯ ದೃಶ್ಯವನ್ನು ಮುಟ್ಟುವ ಅಗತ್ಯ ಬರುವುದಿಲ್ಲ.